ಹಾಲು ಸೊರ ಮತ್ತು ಚಿಟ್ಟಿಲಿ

ಸೊರ ಮೀನಿಗೂ ಇಲಿಗೂ ಒಂದೇ ಥರದ ಉಚ್ಚೆಯ ಘಾಟು. ಮೊನ್ನೆ ಮೀನಂಗಡಿಯೊಂದರ ಮುಂದೆ ಅದು ಮೂಗಿಗೆ ಬಡಿದದ್ದೇ, ಪೀಣ್ಯದ ಪಕ್ಕ ರಾಜಗೋಪಾಲನಗರದಲ್ಲಿ ನಾವಿದ್ದ ಶೀಟಿನ ಮನೆ ಕಣ್ಣೆದುರು ಬಂತು. ಆ ವಠಾರ ಈಗಿಲ್ಲ, ಅವ್ವನೂ ಇಲ್ಲ. ಅಪ್ಪ ಲೇಥ್ ಕೆಲಸಕ್ಕೆಂದು ಗದಗಿನ ಕಡೆಯಿಂದ ನಮ್ಮನ್ನು ಅಲ್ಲಿಗೆ ಕರೆತಂದಿದ್ದ. ಅಲ್ಲೇ ನನ್ನ ತಮ್ಮ ಹುಟ್ಟಿದ. ಅವ್ವನಿಗೆ ಹಾಲು ಬರಲಿಲ್ಲ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಎಲ್ಲ ಆಯಿತು. ಡಬ್ಬಿ ಹಾಲು ಕೂಸಿಗೆ ಒಗ್ಗಲಿಲ್ಲ. ಅದರ ಅಳು ದಿನದಿನಕ್ಕೂ ಸಣ್ಣದಾಗುತ್ತಿತ್ತು. ಅಂಥ ಅಳು ಕೇಳಿದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಅದೇ ದಿನಗಳಲ್ಲಿ ಮಂಚದಡಿಯ ಹಳೇ ಕೌದಿಯೊಳಗೆ ಚಿಟ್ಟಿಲಿಯೊಂದು ಮರಿ ಹಾಕಿತು. ಅಪ್ಪ ಕೋಲು ಎತ್ತಿದರೆ ಅವ್ವ ತಡೆದಳು. "ಬಾಣಂತಿ ಮನ್ಯಾಗ ಇನ್ನೊಂದು ಬಾಣಂತೀನ ಹೊಡೀಬ್ಯಾಡ್ರಿ." ಹೆಬ್ಬೆರಳಿನಷ್ಟಿದ್ದ ಆ ಪ್ರಾಣಿ ಮಗ್ಗುಲಾಗಿ ಬಿದ್ದು ಕೂದಲಿಲ್ಲದ ಕೆಂಪು ಮರಿಗಳಿಗೆಲ್ಲ ಹಾಲು ಕೊಡುತ್ತಿತ್ತು. ಅವ್ವ ಅದನ್ನೇ ನೋಡುತ್ತ ಕೂರುತ್ತಿದ್ದಳು. ಅವಳ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚೇ.

ಪಕ್ಕದ ಮನೆಯ ಸೆಲ್ವಿ ಅಕ್ಕ ಗಾರ್ಮೆಂಟ್ಸಿನವಳು. ಒಂದು ಭಾನುವಾರ ಹಾಲು ಸೊರ ತಂದಳು. ಶಾರ್ಕಿನ ಜಾತಿಯ, ಮೊಳಕ್ಕಿಂತ ತುಸು ಉದ್ದದ ಮೀನು. ಅವಳ ಊರಲ್ಲಿ ಹಾಲಿಲ್ಲದ ಬಾಣಂತಿಗೆ ಅದೇ ಮದ್ದಂತೆ. ಹೊಟ್ಟೆ ಸೀಳಿದಾಗ ಒಳಗೆ ಮರಿಗಳಿದ್ದವು, ಒಂದೊಂದಕ್ಕೂ ನನ್ನ ತಮ್ಮನಿಗಿದ್ದಂಥದೇ ಹೊಕ್ಕುಳಬಳ್ಳಿ. ಮಂಚದಡಿಯ ತಾಯಿ ಉಳಿದಳು, ಈ ತಾಯಿ ಸಾರಾದಳು. ನನಗೆ ಅಳು ಬಂತು.

ಕೊರಳಲ್ಲಿ ಲಿಂಗವಿದ್ದ, ಮೊಟ್ಟೆಯನ್ನೂ ಮುಟ್ಟದ ಅವ್ವ, ಲಿಂಗದ ಮೇಲೆ ಸೆರಗು ಎಳೆದುಕೊಂಡು ತುತ್ತು ಬಾಯಿಗಿಟ್ಟಳು. ಬಚ್ಚಲಿಗೆ ಓಡಿ ಕಾರಿಕೊಂಡಳು. ಮತ್ತೆ ತಿಂದಳು, ಮತ್ತೆ ಕಾರಿಕೊಂಡಳು. ಆ ವಾರ ಮುಗಿಯುವ ಮೊದಲೇ ಕೂಸು ಹೋಯಿತು. ಇಲಿಮರಿಗಳು ಕೂದಲು ಬಂದು, ಕಣ್ಣು ತೆರೆದು ಓಡಾಡಿಕೊಂಡಿದ್ದವು.

"ನಾ ನುಂಗಿದ್ರ ಕೂಸು ಉಳೀತಿತ್ತು" ಎಂದು ಅವ್ವ ಪಾತ್ರೆ ತಿಕ್ಕುವಾಗ, ರೊಟ್ಟಿ ಬಡಿಯುವಾಗ, ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ನನಗೆ ತಿಳಿಯಿತು: ಹಾಲು ಸೊರ ಇಲಿಯಂತೆ ಮರಿ ಹಾಕುತ್ತದೆ, ಆದರೆ ಮೊಲೆಯೂಡಿಸುವುದಿಲ್ಲ, ಹುಟ್ಟಿದ ಮರಿ ತನ್ನ ಪಾಡಿಗೆ ಈಜಿಹೋಗುತ್ತದೆ. ಅವ್ವನ ಎದೆಯ ಭಾರ ಇಳಿದೀತೆಂದು ಓಡಿ ಬಂದು ಹೇಳಿದೆ.

"ಒಂದ ಹನಿ ಹಾಲೂ ಇರೂದಿಲ್ಲೇನು?"

ಇಲ್ಲ ಎಂದೆ.

"ಹಂಗಾರ ಆ ಇಲೀನ ತಿನ್ನಬೇಕಿತ್ತು" ಎಂದಳು. ಆಮೇಲೆ, ಅಂದಿನಂತೆಯೇ, ಲಿಂಗದ ಮೇಲೆ ಸೆರಗು ಎಳೆದುಕೊಂಡಳು.