ಚಿಂದಿ ಕಟ್ಟಿದ ದಾಳಿಂಬೆ

ಮೊನ್ನೆ ತೀರಿಕೊಂಡ ನನ್ನ ಸೋದರತ್ತೆ ನಿಜಾಮರ ಕಾಲದಲ್ಲಿ ದೇವಾಪುರದ ಹಳ್ಳದ ದಂಡೆಯ ತುಂಡು ನೆಲದಲ್ಲಿ ದಾಳಿಂಬೆ ಬೆಳೆಸಿದ್ದಳು. ಗಿಳಿ ಕಚ್ಚದಂತೆ ಒಂದೊಂದು ಕಾಯಿಗೂ ಹಳೆಯ ಸೀರೆಯ ಚಿಂದಿ ಕಟ್ಟುವಾಗ ಅವಳ ಮುಖ ತಿಳಿಯಾಗುತ್ತಿತ್ತು. ನಾನು ಕೈಹಚ್ಚಿದರೆ, "ಸಾವಕಾಶ, ಯವ್ವಾ, ಸಾವಕಾಶ" ಎನ್ನುತ್ತಿದ್ದಳು.

ಹಣ್ಣಾಗುತ್ತಲೇ ತಹಶೀಲಿನ ಜವಾನ ಬಂದು, ಅವಳನ್ನೇ ಬೈಯುತ್ತ, ಸಾಹೇಬರಿಗೆಂದು ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದ. ಒಂದು ವರ್ಷ ಅತ್ತೆ ಚಿಂದಿಗಳನ್ನೆಲ್ಲ ಬಿಚ್ಚಿಬಿಟ್ಟಳು. ಅವನಿಗೆ ಸಿಕ್ಕಿದ್ದು ಬರೀ ಸಿಪ್ಪೆ.

"ಏನಬೇ, ಸಾಹೇಬರ ಹಣ್ಣು ಎಲ್ಲಿ?"

"ಗಿಳಿ ತಿಂದಾವ್ರಿ. ಅವು ಬೈದು ತಿನ್ನಂಗಿಲ್ಲ ನೋಡ್ರಿ."

ಮರುದಿನ ಅವನು ಆಳುಗಳನ್ನು ಕರೆತಂದು ಗಿಡಗಳನ್ನೆಲ್ಲ ಕಡಿಸಿದ.

ಮಳೆ ಬಿದ್ದಾಗ ಬುಡಗಳು ಚಿಗುರಿದವು. ನಾನು ಹಿಗ್ಗಿ ಅವಳನ್ನು ಕೂಗಿ ಕರೆದೆ. ಅತ್ತೆ ಬಂದು ಕುಕ್ಕುರುಗಾಲಲ್ಲಿ ಕೂತು, ಚಿಗುರುಗಳನ್ನು ಒಂದೊಂದಾಗಿ ಚಿವುಟಿ ಹಾಕಿದಳು.

"ಮತ್ತ ಆ ಸಾಹೇಬನ ಬಾಯಿಗೇ ಬೆಳೀಬೇಕೇನು?"