ಟಾಕಿಯ ಕಿಟಕಿ ಸೋರುವುದು ನಿಂತಾಗ

ಶಹಾಬಾದಿನಲ್ಲಿ ಏನೇ ಸೋರಲಿ, ಒಡೆಯಲಿ, ಅಲುಗಾಡಲಿ, ಔಷಧ ಒಂದೇ: ಸಿಮೆಂಟು. ಇಲಿ ಬಿಲ ತೋಡಿದರೆ ಸಿಮೆಂಟು, ಅಂಗಳದ ಪರ್ಸಿಕಲ್ಲು ಅಲುಗಿದರೆ ಸಿಮೆಂಟು, ಮಂಚದ ಕಾಲು ಕುಂಟಿದರೂ ಅದರ ಕೆಳಗೆ ಒಂದು ಗುಪ್ಪೆ ಸಿಮೆಂಟು. ನಾನು ಸೇಡಂ ಕಡೆಯ ತೊಗರಿ ಹೊಲದವರ ಮನೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ನಿಮ್ಮೂರಲ್ಲಿ ಹಲ್ಲು ಬಿದ್ದರೂ ಅದನ್ನೇ ತುಂಬುತ್ತೀರೇನೋ ಎಂದು ನಮ್ಮ ಮನೆಯವರನ್ನು ಚಾಷ್ಟಿ ಮಾಡಿದ್ದೆ. ಅವರು ನಕ್ಕಿದ್ದರು. ಫ್ಯಾಕ್ಟರಿಯಲ್ಲಿ ದುಡಿಯುವ ಮನುಷ್ಯ, ಸಿಮೆಂಟಿನ ಮೇಲೆ ಅಷ್ಟು ನಂಬಿಕೆ.

ಮಾವನವರೂ ಅದೇ ಸಿಮೆಂಟಿನವರು. ಹುಟ್ಟಿದ್ದು ಕಾಗಿಣಾ ನದಿಯ ಅಂಬಿಗರ ಮನೆಯಲ್ಲಿ, ವಯಸ್ಸೆಲ್ಲ ಕಳೆದದ್ದು ಚೀಲ ತುಂಬುವ ಜಾಗದ ಧೂಳಿನಲ್ಲಿ. ನಿವೃತ್ತಿಯ ದಿನ ಅವರಿಗೆ ಹಾರ ಹಾಕಿ, ಗೋಡೆಗೆ ತೂಗುಹಾಕುವ ಒಂದು ಉದ್ದನೆಯ ಗಡಿಯಾರ ಕೊಟ್ಟು ಕಳಿಸಿದ್ದರು. ಅದರ ಜೊತೆಗೆ ಬಂದ ದಮ್ಮನ್ನು ಯಾರೂ ಕೊಟ್ಟೆವೆಂದು ಹೇಳಲಿಲ್ಲ. ಗಡಿಯಾರ ಬೇಗನೆ ನಿಂತುಹೋಯಿತು, ದಮ್ಮು ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ಮಾವ ಹಳೆಯ ದೋಣಿಯನ್ನು ರಿಪೇರಿ ಮಾಡಿ ಮತ್ತೆ ನದಿಗಿಳಿದರು. ಮಡುವಿನ ಆಳದಲ್ಲಿ ಅಡಗುವ ದೊಡ್ಡ ಮೀನಿಗೆ ಗಾಳ ಹಾಕುವುದು ಅವರ ಹಟ. ಆ ಮೀನು ಸತ್ತದ್ದನ್ನು ಮೂಸುವುದಿಲ್ಲ, ಗಾಳಕ್ಕೆ ಜೀವಂತ ಸಣ್ಣ ಮೀನನ್ನೇ ಚುಚ್ಚಬೇಕು. ಅದಕ್ಕಾಗಿ ದೋಣಿಯ ನಡುವೆ ಹಲಗೆಯ ಒಂದು ಟಾಕಿ ಕಟ್ಟಿ, ಒಳಗೆ ತಗಡು ಬಡಿದು, ನದಿಯ ನೀರು ತುಂಬಿ, ಎರೆಯ ಮೀನು ಬಿಡುತ್ತಿದ್ದರು. ನೋಡಲೆಂದು ಮುಚ್ಚಳ ತೆಗೆದರೆ ಸಾಕು, ಅವು ಛಂಗನೆ ಹೊರಗೆ ಹಾರುತ್ತಿದ್ದವು. ಮಾವ ನಿಂತ ಗಡಿಯಾರದ ಗಾಜು ಬಿಚ್ಚಿ, ತಾವು ಕೂರುವ ಹಲಗೆಯ ಎದುರಿಗೇ ಟಾಕಿಗೆ ಕಿಟಕಿ ಮಾಡಿದರು. ಸುತ್ತ ಡಾಂಬರು ಮೆತ್ತಿದರು. ದಂಡೆಯ ಮೇಲಿನವರು ಟಾಯಿಮ್ ಎಷ್ಟಾಯಿತೆಂದು ಕೂಗಿದರೆ ಬಗ್ಗಿ ಗಾಜಿನೊಳಗೆ ನೋಡಿ, "ಇನ್ನಾ ಜೀವ ಅದ" ಎನ್ನುತ್ತಿದ್ದರು.

ದಮ್ಮು ಹೆಚ್ಚಾಗಿ ಹುಟ್ಟು ಹಾಕುವುದು ಮಗನ ಪಾಲಿಗೆ ಬಂತು. ಮಾವ ಕಿಟಕಿಯ ಮುಂದೆ ಕೂತು ಮೀನು ನೋಡುತ್ತ ಹೋಗಿ, ನೋಡುತ್ತ ಬರುತ್ತಿದ್ದರು. ನೀರಿನ ಮೇಲೆ ಅವರಿಗೆ ಕೆಮ್ಮು ಕಡಿಮೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ನಮ್ಮ ಕಡೆಯ ಬಿಸಿಲಿಗೆ ಕಲ್ಲೇ ಸಿಡಿಯುತ್ತದೆ, ಇನ್ನು ಡಾಂಬರೇನು ಉಳಿದೀತು? ಕರಗಿ ಇಳಿಯಿತು. ಗಾಜು ಸಡಿಲಾಗಿ ಟಾಕಿಯ ನೀರೆಲ್ಲ ದೋಣಿಗೆ ಸೋರಿತು, ಮೀನು ತಗಡಿನ ಮೇಲೆ ಒದ್ದಾಡಿದವು. ಅಷ್ಟರಲ್ಲಿ ಮಾವ ಮಂಚ ಹಿಡಿದಿದ್ದರು. ಅವರು ಕೇಳಿದ್ದು ಒಂದೇ, ಮುಂಗಾರಿನ ಮಿರಗದ ಮಳೆ ಬಂದು ನದಿ ಕೆಂಪಾಗುವುದರೊಳಗೆ ಒಮ್ಮೆ ಮಡುವಿನ ತನಕ ಒಯ್ಯಿರಿ ಎಂದು. ಆಮೇಲೆ ತಾವು ಇನ್ನೊಂದು ಬೇಸಿಗೆ ನೋಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕಿಟಕಿ ರಿಪೇರಿ ಆದಕೂಡಲೇ ಒಯ್ಯುತ್ತೇನೆ ಎಂದು ನಮ್ಮ ಮನೆಯವರು ಮಾತು ಕೊಟ್ಟರು.

ರಿಪೇರಿ ಆಗುವವರೆಗೆ ಯಾಕೆ ಕಾಯಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆ ಮನೆಯಲ್ಲಿ ಒಂದು ರೂಢಿಯಿತ್ತು. ಎರೆ ಇಲ್ಲದೆ ದೋಣಿ ನದಿಗಿಳಿಯುವುದು ಹೆಣಕ್ಕೆ ಮಾತ್ರ. ಯಾರಾದರೂ ಮುಳುಗಿ ಸತ್ತಾಗ ಅಂಬಿಗರನ್ನೇ ಕರೆಯುತ್ತಿದ್ದರು, ಆಗ ಟಾಕಿಯನ್ನು ಬರಿದು ಮಾಡಿಕೊಂಡು ಹೋಗಬೇಕು. ಉಳಿದ ದಿನ ಎರೆ ಬೇಕೇ ಬೇಕು. ಬಕೀಟಿನಲ್ಲೋ ಕೊಡದಲ್ಲೋ ನಾಲ್ಕು ಮೀನು ಇಟ್ಟುಕೊಂಡರಾಗದೇ ಎಂದರೆ, ಎರೆ ಟಾಕಿಯಲ್ಲೇ ಇರಬೇಕಂತೆ. ಮಗನಿಗೆ ಇದನ್ನು ಕಲಿಸಿದವರು ಮಾವನೇ. ತಮ್ಮ ಕೈಯಾರೆ ಕಟ್ಟಿದ ಬೇಲಿಯೊಳಗೆ ತಾವೇ ಸಿಕ್ಕಿಬಿದ್ದಿದ್ದರು.

ಇವರು ದೋಣಿಯನ್ನು ಎಳೆದು ತಂದು ಮನೆಯ ಮುಂದಿನ ಬೇವಿನ ಕೆಳಗೆ ಹಾಕಿದರು. ಸೀಮೆಎಣ್ಣೆ ಹಚ್ಚಿ ಹಳೆಯ ಡಾಂಬರು ಕೆರೆದರು. ನದಿಯ ಮರಳನ್ನು ನನ್ನ ಹಿಟ್ಟಿನ ಜರಡಿಯಲ್ಲಿ ಸೋಸಿ (ಆ ಜರಡಿಯ ಗತಿ ಕೇಳಬೇಡಿ) ಸಿಮೆಂಟು ಕಲಸಿ, ಗಾಜಿನ ಸುತ್ತ ದಪ್ಪ ಅಂಚು ಕಟ್ಟಿದರು. ಮಂಚವನ್ನು ಬಾಗಿಲಿಗೆ ಎಳೆಸಿಕೊಂಡು ಮಾವ ಮೇಸ್ತ್ರಿಕೆ ನಡೆಸಿದರು. ಇಲ್ಲಿ ಒತ್ತು, ಅಲ್ಲಿ ನುಣುಪು ಮಾಡು, ಅವಸರ ಬೇಡ. ಎಷ್ಟೋ ದಿನದ ಮೇಲೆ ಅವರ ದನಿ ಏರಿತ್ತು. ಅಂಚಿನ ಮೇಲೆ ಹಸಿ ಗೋಣಿತಾಟು ಹೊದಿಸಿ, ಅದು ಒಣಗದಂತೆ ನೀರುಣಿಸುವ ಕೆಲಸ ನನ್ನದಾಯಿತು. ಮಧ್ಯಾಹ್ನ ನಾನು ತೂಕಡಿಸಿದರೆ ಮಂಚದಿಂದಲೇ ಕೂಗುತ್ತಿದ್ದರು: "ಯವ್ವಾ, ಅದಕ್ಕ ನೀರ ಕುಡಸು. ನಂಗ ತಡಾ ಆದರ ನಡೀತದ, ಅದಕ್ಕ ನಡ್ಯಂಗಿಲ್ಲ."

ನನಗೆ ಸಿಟ್ಟು ಬರುತ್ತಿತ್ತು. ಉಸಿರು ಹಿಡಿಯಲು ತಿಣುಕುವ ಮನುಷ್ಯ ಸಿಮೆಂಟಿನ ಬಾಯಾರಿಕೆಯ ಚಿಂತೆ ಮಾಡುತ್ತಿದ್ದಾರಲ್ಲ ಎಂದು.

ಅಂಚು ಗಟ್ಟಿಯಾಯಿತು. ಟಾಕಿ ತುಂಬಿಸಿದೆವು, ಗಾಜಿನ ಸುತ್ತ ಒಂದು ಹನಿಯೂ ಜಿನುಗಲಿಲ್ಲ. ಮಾವ ಖುಷಿಗೆ ನನ್ನ ಕೈಯಿಂದ ಚುರುಮುರಿ ಸೂಸಲ ಮಾಡಿಸಿ ತಿಂದರು. ಮರುದಿನ ಇವರು ಬಲೆ ಬೀಸಿ ಎರೆಯ ಮೀನು ತಂದು ಟಾಕಿಗೆ ಬಿಟ್ಟರು. ಮಾವನನ್ನು ಎತ್ತಿ ತಂದು ದೋಣಿಯಲ್ಲಿ ಅವರ ಜಾಗದಲ್ಲೇ ಕೂರಿಸಿದೆವು. ಉಂಡು ನದಿಗೆ ಹೊರಡುವುದೆಂದು ಮಾತು.

ನಾನು ರೊಟ್ಟಿ ಬಡಿದು ಮುಗಿಸುವುದರೊಳಗೆ ಕಿಟಕಿಯ ಆಚೆ ಮೀನುಗಳು ವಾಲತೊಡಗಿದವು. ಮೇಲೆ ಬಂದು ಬಾಯಿ ತೆರೆದು, ಒಂದೊಂದಾಗಿ ಹೊಟ್ಟೆ ತಿರುಗಿಸಿದವು. ಇವರು ನೀರಿಗೆ ಕೈ ಹಾಕಿ ಬೆರಳು ಉಜ್ಜಿ ನೋಡಿದರು, ಸಾಬೂನಿನ ಹಾಗೆ ಜಾರುತ್ತಿತ್ತು. ಹೊಸ ಸಿಮೆಂಟಿನ ಸುಣ್ಣ ಬಿಟ್ಟುಕೊಂಡಿತ್ತು. ಊರಿಗೆ ಊರೇ ಸಿಮೆಂಟು ಅರೆಯುವ ಜನ ನಾವು, ಅದರಲ್ಲಿ ಜೀವ ಇಟ್ಟರೆ ಏನಾಗುತ್ತದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮಾವ ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಅವಕ್ಕೂ ನನ್ನ ಜಡ್ಡೇ ಹತ್ತಿತು" ಎಂದರು.

ಆ ಮಾತಿಗೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಗಂಡನ ಮುಂದೆ ಹೋಗಿ ನಿಂತೆ. ಮೀನಿನ ಮಾತು ಬಿಡಿ, ಈಗಲೇ ದೋಣಿ ಇಳಿಸಿ ಅವರನ್ನು ಒಯ್ಯಿರಿ ಎಂದೆ. ಇವರು ಅಪ್ಪನ ಮುಖ ನೋಡಿದರು. ಅಪ್ಪ ಮಗನ ಮುಖ ನೋಡಿದರು. ಇಬ್ಬರಲ್ಲಿ ಒಬ್ಬರು ಆಗಲಿ ಅಂದಿದ್ದರೆ ಸಾಕಿತ್ತು, ಇನ್ನೊಬ್ಬರು ಒಪ್ಪುತ್ತಿದ್ದರು. ಅದು ನನಗೆ ಖಾತ್ರಿ.

"ನೀ ಹೊಲದಾಕಿ, ನಿಂಗ ನದಿ ಮಾತ ತಿಳಿಯಂಗಿಲ್ಲ" ಎಂದರು ಇವರು. ಮಾವ ಮತ್ತೆ ಗಾಜಿನ ಕಡೆ ತಿರುಗಿದರು. ನನಗೆ ಇವತ್ತಿಗೂ ಅವರಿಬ್ಬರ ಮೇಲೆ ಸಿಟ್ಟಿದೆ. ಒಬ್ಬರು ಇಲ್ಲವಾದ ಮೇಲೂ ಇದೆ.

ಅಂಚನ್ನು ಒಡೆದು ತೆಗೆದರೆ ಗಾಜು ಉಳಿಯುತ್ತಿರಲಿಲ್ಲ. ಸುಣ್ಣ ತೊಳೆದುಹೋಗಲೆಂದು ನೀರು ತುಂಬುವುದು, ಚೆಲ್ಲುವುದು, ಮತ್ತೆ ತುಂಬುವುದು, ಇದೇ ಕೆಲಸವಾಯಿತು. ಹಿತ್ತಾಳೆ ತಂಬಿಗೆಯ ಕಿಲುಬಿಗೆ ನಾನು ಹುಣಸೆ ಹಚ್ಚುವುದಿಲ್ಲವೇ, ಹಾಗೆ ಹುಳಿನೀರು ಮಾಡಿ ಅಂಚನ್ನು ತಿಕ್ಕುತ್ತಿದ್ದೆ. ನೀರಿನ ಜಾರು ದಿನೇ ದಿನೇ ಕಡಿಮೆಯಾಯಿತು. ಮಾವನ ದನಿಯೂ ಕಡಿಮೆಯಾಯಿತು. ನೀರ ಕುಡಸು ಎಂದು ಕೂಗುವುದನ್ನು ನಿಲ್ಲಿಸಿದರು. ಮಂಚವನ್ನು ಬಾಗಿಲಿಗೆ ಎಳೆಯಲೇ ಎಂದರೆ ಬೇಡವೆನ್ನುತ್ತಿದ್ದರು.

ಮಿರಗ ಒಂದು ಸಂಜೆ ಸುರಿಯಲು ಶುರುವಾಯಿತು. ಆ ಸಂಜೆಯೇ ಇವರು ಪರೀಕ್ಷೆಗೆಂದು ಕೆಲವು ಮರಿಮೀನು ಟಾಕಿಗೆ ಬಿಟ್ಟು ಬಂದರು. ನದಿ ಕೆಂಪಾದರೂ ಚಿಂತೆಯಿಲ್ಲ, ದಂಡೆಯ ಗುಂಟವಾದರೂ ಒಂದು ಸುತ್ತು ಒಯ್ಯುವುದೇ ಸೈ ಎಂದು ಅಪ್ಪನ ಕಿವಿಯಲ್ಲಿ ಹೇಳಿದರು. ಮಾವ ತಲೆಯಾಡಿಸಿದರು.

ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ಹೋಗಿ ಮಾವನ ಭುಜ ಮುಟ್ಟಿದೆ. ತಣ್ಣಗಿತ್ತು. ಚಹಾದ ಕಪ್ಪು-ಬಸಿ ಇನ್ನೂ ನನ್ನ ಕೈಯಲ್ಲೇ ಇತ್ತು, ಇವರು ಅಂಗಳದಿಂದ ಒದ್ದೆ ಕೈಯಲ್ಲೇ ಒಳಗೆ ಓಡಿಬಂದರು.

"ಅಪ್ಪಾ, ಏಳು, ಜೀವ ಅದಾವ" ಎಂದರು.

ಆ ಮನೆತನದವರನ್ನು ಮಣ್ಣು ಮಾಡುವ ಜಾಗ ನದಿಯ ಆಚೆ ದಂಡೆಯಲ್ಲಿದೆ. ಬೇಸಿಗೆಯಾಗಿದ್ದರೆ ಹೊತ್ತು ನಡೆದೇ ದಾಟಬಹುದಿತ್ತು. ಮಳೆಗೆ ನೀರು ಏರಿತ್ತು. ದೋಣಿ ಇಳಿಸಲೇಬೇಕಾಯಿತು. ದಂಡೆಯವರೆಗೆ ಎಳೆತಂದು, ನೀರಿಗೆ ಇಳಿಸುವ ಮೊದಲು ಇವರು ಟಾಕಿಯ ಮುಚ್ಚಳ ತೆಗೆದು, ಬಗ್ಗಿ, ಬೊಗಸೆಯಲ್ಲಿ ಮೀನು ಹಿಡಿದು ನದಿಗೆ ಬಿಡತೊಡಗಿದರು. ಯಾರೋ ಬುಟ್ಟಿ ಕೊಡಲು ಬಂದರೂ ತೆಗೆದುಕೊಳ್ಳಲಿಲ್ಲ. ಒಂದೂ ಸತ್ತಿರಲಿಲ್ಲ. ಕೈಯಿಂದ ಜಾರಿದ್ದೇ ತಡ, ಓಡಿ ಹೋಗುತ್ತಿದ್ದವು.

ಹೆಂಗಸರು ದಂಡೆಯಲ್ಲೇ ಉಳಿದೆವು. ಮಾವನನ್ನು ಅವರು ಯಾವಾಗಲೂ ಕೂರುತ್ತಿದ್ದ ಹಲಗೆಗೆ ಒರಗಿಸಿ ಕೂರಿಸಿದ್ದರು, ಮುಖ ಗಾಜಿನ ಕಡೆಗಿತ್ತು. ದೋಣಿ ನಡುನೀರಿಗೆ ಹೋಗುವವರೆಗೆ ನಾನು ನೋಡುತ್ತ ನಿಂತೆ. ಅವರು ಕೇಳಿದ ಮಡು ಅಲ್ಲೇ ಪಕ್ಕದಲ್ಲಿತ್ತು. ಅವರ ರೂಢಿಯ ಪ್ರಕಾರವೇ ಟಾಕಿ ಖಾಲಿಯಾಗಿತ್ತು.