ಶೀನಪ್ಪ ಡಾಕ್ಟ್ರು ಮತ್ತು ಕಡವೆಯ ಹೊಟ್ಟೆಯ ಹುಳ

ಶೀನಪ್ಪ ಡಾಕ್ಟ್ರು ಸತ್ತ ಪ್ರಾಣಿಯ ವಾಸನೆಗೆ ಎಂದೂ ಮೂಗು ಮುಚ್ಚಿಕೊಂಡವರಲ್ಲ. ಮುಚ್ಚಿಕೊಂಡವರನ್ನು ಸುಮ್ಮನೆ ಬಿಟ್ಟವರೂ ಅಲ್ಲ. ನಾನು ಪಶುವೈದ್ಯೆಯಾಗಿ ಸುಳ್ಯಕ್ಕೆ ಬಂದ ಮೊದಲ ವಾರ ಶಾಲನ್ನು ಮೂಗಿಗೆ ಒತ್ತಿಕೊಂಡದ್ದನ್ನು ನೋಡಿ, ಹತ್ತು ಜನರ ಎದುರೇ ಹೇಳಿದರು: "ಜುಬೈದಾ, ನಿನಗೆ ಬ್ಯಾಂಕಿನ ಕೆಲಸ ಆಗಬಹುದಿತ್ತು. ಅಲ್ಲಿ ಫ್ಯಾನ್ ಉಂಟು."

ಪಶುವೈದ್ಯರಾಗಿ ನಿವೃತ್ತರಾಗಿ ಪುತ್ತೂರಿನಲ್ಲಿದ್ದರೂ, ಕಾಡುಪ್ರಾಣಿ ಸತ್ತರೆ ಫಾರೆಸ್ಟಿನವರು ಅವರನ್ನೇ ಕರೆಯುತ್ತಿದ್ದರು. ಜಿಂಕೆ, ಕಡವೆಗಳ ಹೊಟ್ಟೆಯ ಹುಳಗಳನ್ನು ಅವರಷ್ಟು ಖಚಿತವಾಗಿ ಗುರುತಿಸುವವರು ಸುತ್ತ ಯಾರೂ ಇರಲಿಲ್ಲ. ದಾಳಿಂಬೆ ಕಾಳಿನಷ್ಟು ದಪ್ಪದ, ನಸುಗೆಂಪಿನ ಹುಳಗಳವು. ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಿದ್ದರು. ನಾನು ಅವಸರದಲ್ಲಿ ಹೆಸರು ಹೇಳಿದರೆ ಅರ್ಧ ದಿನದ ಶ್ರಮದ ಸ್ಲೈಡನ್ನು ಕಸದ ಬುಟ್ಟಿಗೆ ಎಸೆಯುವರು.

"ಎರಡು ಬಾಯಿ ಉಂಟಲ್ವಾ ಸರ್ ಇದಕ್ಕೆ?"

"ಬಾಯಿ ಒಂದೇ ಮಾರಾಯ್ತಿ. ಹಿಂದಿನದ್ದು ಹಿಡ್ಕೊಳ್ಳಲಿಕ್ಕೆ. ಮೊದಲು ನೋಡು, ಮತ್ತೆ ಹೇಳು."

ದಿನವಿಡೀ ಹೀಗೆ ಬೈದು, ಸಂಜೆ ಹೋಟೆಲಿನಲ್ಲಿ ತಮ್ಮ ತಟ್ಟೆಯ ಬನ್ಸನ್ನು ಮಾತಿಲ್ಲದೆ ನನ್ನ ತಟ್ಟೆಗೆ ತಳ್ಳುತ್ತಿದ್ದರು.

ಒಂದು ಬೇಸಗೆಯಲ್ಲಿ ಕೊಲ್ಲಮೊಗ್ರಿನ ಶೇಷಪ್ಪಣ್ಣನ ಜಾಗದ ಅಂಚಿನಲ್ಲಿ ಹರಿಯುವ ತೋಡಿನಲ್ಲಿ ಗಬ್ಬದ ಕಡವೆಯೊಂದು ಸತ್ತು ಬಿದ್ದಿತ್ತು. ಶೇಷಪ್ಪಣ್ಣ ಡಾಕ್ಟ್ರ ಹಳೆಯ ಪರಿಚಯ. ಆ ಮನೆಯಲ್ಲಿ ನಾವಿಬ್ಬರೂ ಎಷ್ಟೋ ಸಲ ಉಂಡಿದ್ದೆವು. ಹೊಟ್ಟೆ ಬಿಡಿಸಿದಾಗ ಒಳಗೋಡೆಯ ತುಂಬ ಹುಳ, ಬೆರಳಿಡಲು ಜಾಗವಿಲ್ಲ. ಶೇಷಪ್ಪಣ್ಣನ ಹೆಂಡತಿ ದೇವಕಿಯಕ್ಕನ ಮುಖ ಅರಳಿತು.

"ಹುಳದಿಂದಲೇ ಸತ್ತದ್ದಲ್ವಾ ಡಾಕ್ಟ್ರೇ? ಹಾಗೆ ಬರೀರಿ."

ಹಾಗೆ ಬರೆದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾನೂ ಅವರನ್ನೇ ನೋಡಿದೆ. ಡಾಕ್ಟ್ರು ಕತ್ತಿನ ಚರ್ಮ ಬಿಡಿಸಿದರು. ಸುತ್ತ ಕಪ್ಪಗೆ ರಕ್ತ ಕಟ್ಟಿತ್ತು. ತಂತಿಯ ಉರುಳಿನ ಗುರುತು.

"ಬೆಳೆದ ಹುಳ ಹೊಟ್ಟೆಯಲ್ಲಿ ಇರ್ತದೆ, ಕೊಲ್ಲುದಿಲ್ಲ. ಇದು ಉರುಳಿಗೆ ಸತ್ತದ್ದು."

"ಹಂದಿಗೆ ಇಟ್ಟದ್ದು ಸ್ವಾಮಿ" ಎಂದು ಶೇಷಪ್ಪಣ್ಣ ಕೈ ಮುಗಿದ. ಡಾಕ್ಟ್ರು ತಲೆ ಎತ್ತಲಿಲ್ಲ. ಕಡವೆಯ ಗರ್ಭದಿಂದ ಮರಿಯನ್ನು ತೆಗೆದು ಅವನ ಕಾಲ ಬಳಿ ಇಟ್ಟರು. "ಇದನ್ನೂ ನೋಡು." ಫಾರೆಸ್ಟಿನವರು ಅವನನ್ನು ಜೀಪಿಗೆ ಹತ್ತಿಸಿದರು.

ಮಳೆಗಾಲ ಕಳೆದು ಅದೇ ತೋಡಿನ ಬದಿಯಲ್ಲಿ ಹುಲ್ಲು ಚಿಗುರಿತ್ತು. ಶೇಷಪ್ಪಣ್ಣ ಇನ್ನೂ ಜೈಲಿನಲ್ಲಿದ್ದ. ತೋಡಿನ ಬಸವನಹುಳುಗಳಿಂದ ಇದೇ ಹುಳದ ಮರಿಗಳು ಹುಲ್ಲಿಗೆ, ಅಲ್ಲಿಂದ ದನಗಳ ಕರುಳಿಗೆ ಸೇರುತ್ತವೆ. ಕೊಲ್ಲುವುದು ಆ ಮರಿಗಳೇ. ಡಾಕ್ಟ್ರು ಔಷಧಿ ಹಿಡಿದು, ನನ್ನನ್ನೂ ಕರೆದುಕೊಂಡು ಹೋದರು. ದೇವಕಿಯಕ್ಕ ಗೇಟು ತೆಗೆಯಲಿಲ್ಲ.

"ಕರುಗಳನ್ನು ಆ ತೋಡಿಗೆ ಬಿಡ್ಬೇಡ" ಎಂದು ಡಾಕ್ಟ್ರು ಹೊರಗಿನಿಂದಲೇ ಕೂಗಿ, ಬಾಟಲಿಯನ್ನು ಗೇಟಿನ ಕಂಬದ ಮೇಲಿಟ್ಟರು. ಆಕೆ ಬಂದು, ನಮ್ಮೆದುರೇ ಅದನ್ನು ಮಣ್ಣಿಗೆ ಸುರಿದಳು.

ತಿಂಗಳೊಳಗೆ ಮೂರು ಕರುಗಳೂ ನೀರಿನಂತೆ ಭೇದಿಯಾಗಿ ಸತ್ತವು. ಕೊನೆಯದನ್ನು ಆಕೆ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಾಗ ಅದರ ಮೈ ತಣ್ಣಗಾಗಿತ್ತು. ಡಾಕ್ಟ್ರೂ ಅಲ್ಲೇ ಇದ್ದರು. ಕರುಳು ಕೊಯ್ದು ಮರಿಹುಳಗಳನ್ನು ತೋರಿಸಿ ಹೇಳಿದರು: "ಇದು ಹುಳದಿಂದಲೇ ಸತ್ತದ್ದು. ಇದನ್ನು ಬೇಕಾದರೆ ಬರೆದುಕೊಡ್ತೇನೆ."

ಆಕೆ ಅಳಲಿಲ್ಲ. ಕರುವಿನ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ನಾನು ಮೊದಲ ಬಾರಿಗೆ, "ಹಾಗೆ ಹೇಳಬಾರದಿತ್ತು ಸರ್" ಎಂದೆ. "ಸುಳ್ಳಾ?" ಎಂದು ಕೇಳಿದರು. ಆದರೆ ಅಂದು ಅವರು ಹೋಟೆಲಿಗೆ ಬರಲಿಲ್ಲ.

ಮರುವರ್ಷ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಮೈ ತುಂಬ ಇಳಿದಿತ್ತು. "ಆ ದೇವಕಿಯ ದನದ ಹಟ್ಟಿಯಲ್ಲಿ ಈಗ ಎಂತ ಉಂಟು?" ಎಂದರು.

"ಎಂತದ್ದೂ ಇಲ್ಲ ಸರ್."

ಅವರು ಕೊಲ್ಲಮೊಗ್ರಿನ ದಿಕ್ಕಿಗೆ ಹೋಗುವ ಸುಬ್ರಹ್ಮಣ್ಯದ ಬಸ್ ಹತ್ತಿದರು. ಹದಿನೈದು ದಿನಗಳೊಳಗೆ ಎದೆನೋವಿನಿಂದ ತೀರಿಹೋದರು.

ಆಮೇಲೊಮ್ಮೆ ಲಸಿಕೆ ಹಾಕಲು ಕೊಲ್ಲಮೊಗ್ರಿಗೆ ಹೋದಾಗ ದೇವಕಿಯಕ್ಕ ಒಂದು ಆಡು ಹಿಡಿದುಕೊಂಡು ಬಂದಿದ್ದಳು.

"ಆ ಡಾಕ್ಟ್ರು ಹೋದ್ರಂತೆ?"

"ಹೌದಕ್ಕ."

"ಸಾಯುವ ಮೊದಲು ಒಂದು ದಿನ ಬಂದಿದ್ರು. 'ನಾನು ಹಾಗೆ ಹೇಳಬಾರದಿತ್ತು ದೇವಕಿ' ಅಂದ್ರು. ಮಧ್ಯಾಹ್ನದ ಬಿಸಿಲು. ಕುಡಿಯಲಿಕ್ಕೆ ನೀರು ಕೇಳಿದ್ರು."

ಆಡಿನ ಕಿವಿ ಹಿಡಿದು ನನ್ನ ಸೂಜಿಯ ಕಡೆಗೆ ತಿರುಗಿಸಿದಳು.

"ಕೊಡ್ಲಿಲ್ಲ."